ಮಾಳಿಗೆಯ ಮೇಲೆ ಇಲ್ಲದ ಬಾಡಿಗೆದಾರ

ಚಿನ್ನೂ, ಪುಟ್ಟಾ,

ಮನೆಯಲ್ಲಿ ಕರೆಯುವ ಹೆಸರು ಹಿಡಿದೇ ಬರೆಯುತ್ತಿದ್ದೇನೆ. ಬೇರೆ ಯಾರ ಹೆಸರನ್ನೂ ಇದರಲ್ಲಿ ಬರೆಯುವುದಿಲ್ಲ. ಕೆಲವರು ತೀರಿಹೋಗಿದ್ದಾರೆ, ಕೆಲವರ ಮಕ್ಕಳು ನಮ್ಮ ಸುತ್ತಮುತ್ತಲೇ ಇದ್ದಾರೆ. ನನ್ನ ಸಿಟ್ಟು ಆ ಮಕ್ಕಳಿಗೆ ತಗಲುವುದು ಬೇಡ.

ಹೋದ ಫೆಬ್ರವರಿಯಲ್ಲಿ ನಿಮ್ಮ ತಂದೆ ಟ್ಯಾಕ್ಸಿನ ಕಾಗದಗಳನ್ನು ಹರಡಿಕೊಂಡು ಕುಳಿತಿದ್ದರು. ನಿಮ್ಮಿಬ್ಬರ ಕಾಲೇಜಿನ ಫೀಸಿನ ರಸೀದಿಗಳನ್ನು ಒಂದು ಪಿನ್ನಿಗೆ ಸೇರಿಸಿ, “ಇದಕ್ಕೂ ತೆರಿಗಿ ಬಿಡ್ತಾರ, ಚಲೋ ಆತು” ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೂ ನಾನು ಎದ್ದು ಹಿತ್ತಲಿಗೆ ಹೋದೆ. ನೀವು ಹಿಂದೆಯೇ ಬಂದು, “ಅಜ್ಜಿ, ಯಾಕ ಸಿಟ್ಟಾದಿ?” ಎಂದು ಕೇಳಿದಿರಿ. ಏನಿಲ್ಲ ಎಂದೆ. ಬಾಯಿಬಿಟ್ಟು ಹೇಳುವುದು ನನಗೆ ಮೊದಲಿನಿಂದಲೂ ಬಂದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಏಳನೆಯ ತರಗತಿಯವರೆಗೆ ಓದಿದ್ದು ತುರ್ವಿಹಾಳದ ಹತ್ತಿರದ ನಮ್ಮ ಹಳ್ಳಿಯ ಶಾಲೆಯಲ್ಲಿ. ಅಕ್ಷರಗಳು ದುಂಡಗಿದ್ದವು, ಲೆಕ್ಕ ಬರುತ್ತಿತ್ತು. ಮಾಸ್ತರರು ಪ್ರಶ್ನೆ ಕೇಳಿದಾಗ ಉತ್ತರ ಗೊತ್ತಿದ್ದರೂ ನೆಲ ನೋಡುತ್ತ ನಿಲ್ಲುತ್ತಿದ್ದೆ. ಮದುವೆಯಾಗಿ ಬಂದದ್ದು ಮಸ್ಕಿಯ ಮನೆತನಕ್ಕೆ. ನಿಮ್ಮ ಅಜ್ಜ ಲಿಂಗಸುಗೂರಿನ ಒಂದು ಸರಕಾರಿ ಆಫೀಸಿನಲ್ಲಿ ಗುಮಾಸ್ತರಾಗಿದ್ದರು. ಅಲ್ಲಿಯೇ ಎರಡು ಕೋಣೆಯ ಮಣ್ಣಿನ ಮಾಳಿಗೆಯ ಮನೆ ಕಟ್ಟಿಸಿದರು. ನಿಮ್ಮ ತಾಯಿ ಆರನೆಯ ತರಗತಿಯಲ್ಲಿದ್ದಾಗ ಅಜ್ಜ ಕಾಮಾಲೆಯಾಗಿ ತೀರಿಕೊಂಡರು. ಅನುಕಂಪದ ಮೇಲೆ ನನಗೆ ಅದೇ ಆಫೀಸಿನಲ್ಲಿ ಅಟೆಂಡರ್ ಕೆಲಸ ಸಿಕ್ಕಿತು. ನನ್ನ ಗಂಡ ಕುಳಿತಿದ್ದ ಮೇಜಿಗೆ ನಾನು ನೀರಿನ ಗ್ಲಾಸು ಇಡಬೇಕಾಗಿತ್ತು. ಇಟ್ಟೆ. ಫೈಲು ಒಯ್ಯುವುದು, ತರುವುದು, ಗಂಟೆ ಬಾರಿಸಿದಾಗ ಬಾಗಿಲಲ್ಲಿ ನಿಲ್ಲುವುದು. ಮೊದಲಿನ ಒಂದು ವರ್ಷ ಆ ಆಫೀಸಿನಲ್ಲಿ ನನ್ನ ದನಿ ಹೇಗಿದೆ ಎಂದು ಬಹಳ ಜನಕ್ಕೆ ಗೊತ್ತಿರಲಿಲ್ಲ.

ಫೆಬ್ರವರಿ ಬಂತೆಂದರೆ ಹೆಚ್ಚು ಪಗಾರದವರೆಲ್ಲ ತೆರಿಗೆ ಉಳಿಸುವ ಕಾಗದ ಹುಡುಕಲು ಶುರು ಮಾಡುತ್ತಿದ್ದರು. ವಿಮೆಯ ಕಂತಿನ ರಸೀದಿ, ಅಂಚೆ ಕಚೇರಿಯ ಉಳಿತಾಯ ಪತ್ರ, ಮನೆ ಬಾಡಿಗೆಯ ರಸೀದಿ. ಎಲ್ಲವೂ ನನ್ನ ಕೈಯಿಂದಲೇ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗಬೇಕು. ನಮ್ಮ ಸಾಹೇಬರು, ಅಂದರೆ ಆಫೀಸಿನ ಮುಖ್ಯಸ್ಥರು, ಕಲಬುರಗಿ ಕಡೆಯವರು. ಲಿಂಗಸುಗೂರಿನಲ್ಲಿ ತಮ್ಮ ಅಕ್ಕನ ಮನೆಯಲ್ಲಿ ಇದ್ದರು, ಬಾಡಿಗೆ ಕೊಡುವ ಪ್ರಶ್ನೆಯೇ ಇರಲಿಲ್ಲ. ಆದರೆ ಬಾಡಿಗೆ ಕೊಟ್ಟ ರಸೀದಿ ತೋರಿಸಿದರೆ ತೆರಿಗೆ ಕಡಿಮೆಯಾಗುತ್ತದೆ. ರಸೀದಿಗೆ ಸ್ವಂತ ಮನೆ ಇದ್ದವರ ಸಹಿ ಬೇಕು.

ಪಗಾರದ ಬಿಲ್ಲು ಬರೆಯುವ ಗುಮಾಸ್ತ ನನಗಿಂತ ಚಿಕ್ಕವನು, ಅಕ್ಕಾರ ಎಂದು ಕರೆಯುತ್ತಿದ್ದ. ಅವನೇ ಹೇಳಿಕೊಟ್ಟ.

“ನಮ್ಮ ಅಕ್ಕಾರದು ಸ್ವಂತ ಮನಿ ಐತ್ರಿ ಸರ. ಅವರ ಹತ್ರಾನ ದಸ್ಕತ್ತು ಮಾಡಿಸಿದ್ರಾತು.”

ಸಾಹೇಬರು ನನ್ನನ್ನು ಒಳಗೆ ಕರೆದರು. “ಬರ್ರಿ ಬಾಯಿ, ಕುಂದರ್ರಿ” ಎಂದರು. ಆ ಕೋಣೆಯಲ್ಲಿ ಕುರ್ಚಿಯ ಮೇಲೆ ಕುಳಿತದ್ದು ಅದೇ ಮೊದಲು. ಗುಮಾಸ್ತ ಹನ್ನೆರಡು ತಿಂಗಳಿಗೆ ಹನ್ನೆರಡು ರಸೀದಿ ಬರೆದು, ರೆವಿನ್ಯೂ ಸ್ಟಾಂಪು ಅಂಟಿಸಿ ಮುಂದಿಟ್ಟ. ಮನೆಯ ಮೇಲಿನ ಕೋಣೆಯ ಬಾಡಿಗೆ ತಲುಪಿತು ಎಂದು ಒಂದೊಂದರಲ್ಲೂ ಇತ್ತು. ನಾನು ಓದಿದೆ. ಅರ್ಥವಾಗದೆ ಸಹಿ ಹಾಕಿದೆ ಎಂದು ನಿಮ್ಮ ಮುಂದೆ ಸುಳ್ಳು ಹೇಳುವುದಿಲ್ಲ.

“ಮ್ಯಾಲ ಕ್ವಾಣಿ ಇಲ್ರಿ” ಎಂದೆ, ನನಗೇ ಕೇಳದಷ್ಟು ಸಣ್ಣಗೆ.

“ಇದು ಬರೇ ಕಾಗದದ ಮಾತು ಬಾಯಿ. ನಿಮಗೇನೂ ಫರಕ ಬೀಳಂಗಿಲ್ಲ” ಎಂದರು ಸಾಹೇಬರು.

ಹನ್ನೆರಡು ಸ್ಟಾಂಪಿನ ಮೇಲೂ ಸಹಿ ಹಾಕಿದೆ. ಇಲ್ಲ ಎನ್ನುವುದು ನನಗೆ ಗೊತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಕುರ್ಚಿ ಕೊಟ್ಟು ಕೂಡಿಸಿದರಲ್ಲ ಎಂಬ ಸಣ್ಣ ಹಿಗ್ಗೂ ಇತ್ತು. ಈಗ ಅದನ್ನು ನೆನೆದರೆ ಮೈ ಉರಿಯುತ್ತದೆ.

ಮನೆಗೆ ಬಂದು ಹೇಳಿದಾಗ ನಿಮ್ಮ ತಾಯಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಗ ಅವಳು ಪಿ.ಯು.ಸಿ. ಮೊದಲನೆಯ ವರ್ಷದಲ್ಲಿದ್ದಳು. ಮಾಳಿಗೆಯ ಮೇಲೆ ನಾವು ಮೆಣಸಿನಕಾಯಿ ಒಣಹಾಕಿದ್ದೆವು.

“ಯವ್ವಾ, ಸಾಹೇಬ್ರು ಮೆಣಸಿನಕಾಯಿ ಹಾಸ್ಕೊಂಡು ಮಲಗ್ತಾರೇನು?”

ಪಕ್ಕದ ಮನೆಯ ಮುದುಕಿ ಗೋಡೆಯ ಆಚೆಯಿಂದ ಕೇಳಿಸಿಕೊಂಡು, “ಕಿರಾಯಿ ಕೊಟ್ಟಾನಿಲ್ಲೋ ಕೇಳಬೇ. ಕೊಡದಿದ್ರ ಹಾಸಿಗಿ ಹೊರಗ ಒಗಿ” ಎಂದಳು. ಮೂವರೂ ನಕ್ಕೆವು.

ಅದೇ ವಾರ ಆಫೀಸಿನಲ್ಲಿ ನಾನು ಒಂದು ಮಾತು ಕೇಳಿದ್ದೆ. ಅಷ್ಟು ಕೇಳಲಿಕ್ಕೆ ಎರಡು ದಿನ ಮನಸ್ಸು ಗಟ್ಟಿಮಾಡಿಕೊಂಡಿದ್ದೆ. ಗುಮಾಸ್ತನ ಮೇಜಿನ ಮೇಲಿನ ತೆರಿಗೆಯ ಫಾರಮಿನಲ್ಲಿ ವಿಮೆಗೆ ಒಂದು ಕಾಲಂ, ಉಳಿತಾಯಕ್ಕೆ ಒಂದು, ಬಾಡಿಗೆಗೆ ಒಂದು ಇತ್ತು.

“ಮಗಳ ಕಾಲೇಜಿನ ಫೀಸಿಗೆ ಕಾಲಂ ಐತೇನ್ರಿ?” ಎಂದೆ.

“ಅದಕ್ಕ ಇಲ್ರಿ. ಇದ್ರೂ ನಿಮಗ ಬರಂಗಿಲ್ಲ ಅಕ್ಕಾರ. ನಿಮ್ಮ ಪಗಾರಕ್ಕ ಟ್ಯಾಕ್ಸೇ ಇಲ್ಲ. ಇಲ್ಲದ ಟ್ಯಾಕ್ಸಿನ್ಯಾಗ ಏನ್ ಬಿಡಬೇಕು?”

“ತಿಂಗಳಾ ವೃತ್ತಿ ತೆರಿಗಿ ಅಂತ ಮುರಕೋತೀರಲ್ರಿ?”

“ಅದು ಬ್ಯಾರೆ ರೀ.”

ಬಾಗಿಲ ಕಡೆಯ ಮೇಜಿನವನು, “ಅಕ್ಕಾರಿಗೆ ಟ್ಯಾಕ್ಸ್ ಕಟ್ಟೂ ಹಂಬಲ ಆಗೇತಿ. ನಂದು ಕೊಡ್ತೀನಿ, ಒಯ್ಯಿರಿ” ಎಂದ. ಎಲ್ಲರೂ ನಕ್ಕರು. ನಾನು ನೀರಿನ ಜಗ್ಗು ತೆಗೆದುಕೊಂಡು ಹೊರಗೆ ಹೋದೆ.

ಆ ನಗುವಿಗಿಂತ ಹೆಚ್ಚಾಗಿ ಗುಮಾಸ್ತ ಹೇಳಿದ ಲೆಕ್ಕ ನನ್ನನ್ನು ಕಾಡಿತು. ಸಾಯುವುದಕ್ಕೆ ಮಾಡಿಸಿದ ವಿಮೆಗೆ ಸರಕಾರ ತೆರಿಗೆ ಬಿಡುತ್ತದೆ. ಇಲ್ಲದ ಕೋಣೆಯ ಬಾಡಿಗೆಗೂ ಬಿಡುತ್ತದೆ. ಒಂದು ಹುಡುಗಿಯ ಓದಿಗೆ ಬಿಡುವುದಿಲ್ಲ. ಮುಂದೆ ಬಿಟ್ಟರೂ ದೊಡ್ಡ ಪಗಾರದವರಿಗೆ ಬಿಡುತ್ತದೆ, ಏಕೆಂದರೆ ಬಿಡಲಿಕ್ಕೆ ಅವರ ಹತ್ತಿರ ಮಾತ್ರ ತೆರಿಗೆ ಇದೆ. ನಾನು ಕೊಳ್ಳುವ ಸೀಮೆಎಣ್ಣೆಯಲ್ಲಿ, ಸಾಬೂನಿನಲ್ಲಿ, ಬಸ್ಸಿನ ಟಿಕೇಟಿನಲ್ಲಿ ಸರಕಾರದ ಪಾಲು ಇಲ್ಲವೇ? ಅದು ಯಾವ ಫಾರಮಿನಲ್ಲಿ ಬರುತ್ತದೆ? ಹೀಗೆಲ್ಲ ಕೇಳಬೇಕೆನಿಸುತ್ತಿತ್ತು. ಕೇಳಲಿಲ್ಲ. ಮರುವರ್ಷದ ಫೆಬ್ರವರಿಯಲ್ಲಿ ಮತ್ತೆ ಹನ್ನೆರಡು ರಸೀದಿ ಬಂದವು. ಅವುಗಳಿಗೂ ಸಹಿ ಹಾಕಿದೆ.

ಆ ಬೇಸಿಗೆಯಲ್ಲಿ ನಿಮ್ಮ ತಾಯಿ ಪಿ.ಯು.ಸಿ. ಪಾಸಾದಳು. ಒಳ್ಳೆಯ ಅಂಕ ಬಂದವು. ರಾಯಚೂರಿನಲ್ಲಿ ಕೃಷಿ ಪದವಿಗೆ ಸೀಟು ಸಿಕ್ಕಿತು. ಕಾಲುವೆಯ ನೀರು ಬಂದ ಮೇಲೆ ಹೊಲಗಳು ಜೌಗಾಗಿ ಕೆಡುವುದನ್ನು ನನ್ನ ತವರಿನಲ್ಲಿ ನೋಡಿ ಬೆಳೆದವಳು, ಅದನ್ನೇ ಓದಬೇಕು ಎಂದು ಹಟ ಹಿಡಿದಿದ್ದಳು. ಆಫೀಸಿನಲ್ಲಿ ಹೇಳಿದಾಗ, “ಭತ್ತ ನಾಟಿ ಹಚ್ಚಾಕ ಕಾಲೇಜ ಬೇಕೇನ್ರಿ? ನಿಮ್ಮ ಕಡಿ ಹೆಣ್ಮಕ್ಕಳು ಹುಟ್ಟತ್ಲೇ ಕಲ್ತಿರ್ತಾರ” ಎಂದರು. ನಾನು ಮನೆಗೆ ಬಂದು ಅದನ್ನು ಅವಳಿಗೆ ಹೇಳಿದೆ. “ಸಸಿ ಯಾಕ ಹಳದಿ ಆಗ್ತೈತಿ ಅಂತ ಅವರನ್ನ ಕೇಳಬೇಕಿತ್ತಬೇ, ಹೇಳ್ತಿದ್ರೇನು ನೋಡು” ಎಂದಳು.

ಆದಾಯ ಒಂದು ಮಿತಿಯ ಒಳಗಿದ್ದ ಮನೆಯ ಮಕ್ಕಳಿಗೆ ಫೀಸಿನಲ್ಲೂ ಹಾಸ್ಟೆಲಿನಲ್ಲೂ ರಿಯಾಯಿತಿ ಇತ್ತು. ಅದು ಸಿಕ್ಕರೆ ಅವಳು ಹೋಗಬಹುದು. ಸಿಗದಿದ್ದರೆ ನಮ್ಮ ಕೈಯಲ್ಲಿ ಆಗುವಂತಿರಲಿಲ್ಲ. ನನ್ನ ಪಗಾರ, ನಿಮ್ಮ ಅಜ್ಜನ ಕುಟುಂಬ ಪಿಂಚಣಿ ಎರಡೂ ಸೇರಿದರೂ ಮಿತಿಯ ಒಳಗೇ ಇದ್ದವು. ಆಫೀಸಿನಿಂದ ಪಗಾರದ ಪ್ರಮಾಣ ಪತ್ರ ಒಯ್ದು, ತಹಶೀಲ್ ಕಚೇರಿಯಲ್ಲಿ ಆದಾಯದ ಪ್ರಮಾಣ ಪತ್ರ ಮಾಡಿಸಿ, ಕಾಲೇಜಿಗೆ ಮುಟ್ಟಿಸಬೇಕು. ಮೂರು ವಾರ ಸಮಯವಿತ್ತು.

ಗುಮಾಸ್ತ ಬರೆದುಕೊಟ್ಟ ಕಾಗದವನ್ನು ನಾನು ಕಾರಿಡಾರಿನಲ್ಲಿ ನಿಂತು ಓದಿದೆ. ಪಗಾರ, ಪಿಂಚಣಿ, ಅದರ ಕೆಳಗೆ ‘ಇತರೆ ಆದಾಯ: ಮನೆ ಬಾಡಿಗೆ’. ಕೂಡಿಸಿದರೆ ಮಿತಿ ದಾಟುತ್ತಿತ್ತು. ತಿರುಗಿ ಒಳಗೆ ಹೋದೆ.

“ಇದೇನ್ ಬರದೀರಿ?”

“ಬಾಡಿಗಿ ಅಕ್ಕಾರ. ಸಾಹೇಬ್ರ ಟ್ಯಾಕ್ಸ್ ಫೈಲಿನ್ಯಾಗ ನಿಮ್ಮವ ದಸ್ಕತ್ತು ಅದಾವಲ್ಲ.”

“ನನಗ ಒಂದು ಪೈಸಾ ಬಂದಿಲ್ಲ ಅಂತ ನಿಮಗ ಗೊತ್ತೈತಿ. ಆ ರಸೀದಿ ಬರದವ್ರ ನೀವು.”

“ಗೊತ್ತೈತ್ರಿ. ಆದ್ರ ಒಂದ ಆಫೀಸಿನ ಎರಡು ಫೈಲು ಎರಡು ಥರಾ ಮಾತಾಡಿದ್ರ ಆಡಿಟ್‌ನವರು ಬಂದು ಹಿಡಿಯೂದು ನನ್ನ ಕುತ್ತಿಗಿ. ನನಗೂ ಮಕ್ಕಳದಾವ್ರಿ.”

ಸಾಹೇಬರ ಕೋಣೆಗೆ ಹೋದೆ. ಆ ದಿನ ಯಾರೂ ಕುಳಿತುಕೊಳ್ಳಿ ಎನ್ನಲಿಲ್ಲ. ನಾನು ಹೇಳಿದ್ದನ್ನು ಅವರು ಕಾಗದ ತಿರುವುತ್ತಲೇ ಕೇಳಿಸಿಕೊಂಡರು.

“ನೋಡ್ರಿ ಬಾಯಿ, ಸುಳ್ಳು ರಸೀದಿಗೆ ದಸ್ಕತ್ತು ಹಾಕೀನಿ ಅಂತ ನೀವ ಹೇಳಿದ್ರ ಮೊದಲು ಹೋಗೂದು ನಿಮ್ಮ ನೌಕರಿ. ಅದನ್ನ ಕೆದರಬ್ಯಾಡ್ರಿ. ಮಗಳನ್ನ ಇಲ್ಲೇ ಬಿ.ಎ.ಗೆ ಹಚ್ಚರಿ. ಹೆಣ್ಣುಹುಡುಗಿ, ಕಣ್ಣಮುಂದ ಇರ್ತಾಳ.”

ಅವರ ಮಗಳು ಆಗ ಹುಬ್ಬಳ್ಳಿಯಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಅವಳ ಪತ್ರ ಬಂದಾಗ ಒಳಗೆ ಒಯ್ದುಕೊಡುತ್ತಿದ್ದವಳು ನಾನೇ. ನನ್ನ ಸಹಿಯಿಂದ ಉಳಿದ ತೆರಿಗೆಯಲ್ಲಿ ಆ ಹುಡುಗಿಯ ಹಾಸ್ಟೆಲಿನ ಪಾಲೂ ಇತ್ತೋ ಏನೋ ಎಂದು ಅಲ್ಲಿ ನಿಂತಾಗಲೇ ಹೊಳೆಯಿತು. ಹೊಳೆದ ಮೇಲೆ ನನಗೆ ಅಂಜಿಕೆ ಕಡಿಮೆಯಾಯಿತು. ಯಾಕೆ ಎಂದು ಹೇಳಲಾರೆ.

ಹೊರಗೆ ಬಂದು ಗುಮಾಸ್ತನಿಗೆ ಎಲ್ಲರಿಗೂ ಕೇಳುವಂತೆ ಹೇಳಿದೆ. “ಇವತ್ತು ಸಂಜಿಕ ನಮ್ಮ ಮನಿಗೆ ಬರ್ರಿ. ಸಾಹೇಬ್ರು ಕಿರಾಯಿಗೆ ಇರೂ ಕ್ವಾಣಿ ತೋರಸ್ತೀನಿ.”

ಅವನು ಬರಲಾರ ಎಂದುಕೊಂಡಿದ್ದೆ. ಬಿಸಿಲು ಇಳಿಯುವ ಮೊದಲೇ ಸೈಕಲ್ ತಳ್ಳಿಕೊಂಡು ಬಂದ. ನಿಚ್ಚಣಿಕೆ ಹಚ್ಚಿಕೊಟ್ಟೆ. ಮೇಲೆ ಒಲೆಗೆಂದು ಒಟ್ಟಿದ ಹತ್ತಿಕಟ್ಟಿಗೆ, ಒಂದು ಒಡೆದ ನೀರಿನ ಹರವಿ, ಬೆಳಕಿಂಡಿಯ ಮೇಲೆ ಮುಚ್ಚಿದ ತಗಡು ಇದ್ದವು. ಪಕ್ಕದ ಮನೆಯ ಮುದುಕಿ ಅಂಗಳದಲ್ಲಿ ನಿಂತು ಕೂಗಿದಳು.

“ಯಪ್ಪಾ, ಸಾಹೇಬ್ರು ಎದ್ದಾರೇನು ನೋಡು. ಚಾ ಕಳಸ್ತೀನಿ.”

ಅವನು ತೋಳಿಗೆ ಕಟ್ಟಿಗೆ ಗೀರಿಸಿಕೊಂಡು ಕೆಳಗಿಳಿದ. ಚಹಾ ಕೊಟ್ಟೆ. ತಲೆ ಎತ್ತದೆ ಕುಡಿದ.

“ಅಕ್ಕಾರ, ನಾ ಕಂಡದ್ದು ಫೈಲಿನ್ಯಾಗ ಇಲ್ರಿ. ಫೈಲಿನ್ಯಾಗ ಇದ್ದದ್ದ ಖರೆ ಆಗ್ತೈತಿ.” ಕಪ್ಪು ಕೆಳಗಿಟ್ಟು, “ತಹಶೀಲಿನವರು ಬಂದು ನೋಡಿ ಪಂಚನಾಮಿ ಬರದ್ರ ಅದೂ ಒಂದು ಕಾಗದ ಆಗ್ತೈತಿ. ನಾ ಹೇಳ್ದೆ ಅಂತ ಹೇಳಬ್ಯಾಡ್ರಿ” ಎಂದು ಎದ್ದು ಹೋದ.

ಮರುದಿನ ರಜೆ ಹಾಕಿ ನಾನೇ ಒಂದು ಅರ್ಜಿ ಬರೆದೆ. ನನ್ನ ಜೀವನದಲ್ಲಿ ಇನ್ನೊಬ್ಬರು ಹೇಳಿಸದೆ ಬರೆದ ಮೊದಲ ಕಾಗದ ಅದು. ರಸೀದಿಗಳ ಮೇಲಿನ ಸಹಿ ನನ್ನದೇ, ಬಾಡಿಗೆ ಬಂದಿಲ್ಲ, ಮನೆಯ ಮೇಲೆ ಕೋಣೆಯೇ ಇಲ್ಲ, ಬಂದು ನೋಡಬೇಕು ಎಂದು ಬರೆದೆ. ನೌಕರಿ ಹೋದರೆ ಹೋಗಲಿ ಎನ್ನುವ ಧೈರ್ಯವೇನೂ ಇರಲಿಲ್ಲ. ಹೋದರೆ ಏನು ಗತಿ ಎಂದು ಹೆದರುತ್ತಲೇ ಬರೆದೆ.

ತಹಶೀಲ್ ಕಚೇರಿಯಲ್ಲಿ ಇಂಥ ತನಿಖೆ ಮಾಡುವವರನ್ನು ನಮ್ಮ ಕಡೆ ಗಿರ್ದಾವರ ಎನ್ನುತ್ತಿದ್ದರು. ಆತ ಅರ್ಜಿಯನ್ನು ಎರಡು ಸಲ ಓದಿ ಮೀಸೆಯಲ್ಲೇ ನಕ್ಕ.

“ಯಾರ ಬರಕೊಟ್ರಬೇ ಇದನ್ನ?”

“ನಾನ ಬರದೀನ್ರಿ.”

“ಸಾಹೇಬ್ರ ಮ್ಯಾಲ ಬರದಂಗ ಆತಲ್ಲ ಇದು.”

“ನಮ್ಮ ಮಾಳಿಗಿ ಮ್ಯಾಲ ಬರದೀನ್ರಿ.”

ಸೋಮವಾರ ಬಾ ಎಂದ. ಸೋಮವಾರ ಹೋದರೆ ಕಾಲುವೆಯ ನೀರಿನ ಜಗಳ ಬಿಡಿಸಲು ಹೋಗಿದ್ದ. ಗುರುವಾರ ಹೋದರೆ ಸಿಂಧನೂರಿಗೆ ಮೀಟಿಂಗಿಗೆ ಹೋಗಿದ್ದ. ಅದರ ಮರುವಾರ ಇದ್ದ, ಆದರೆ ಪುರುಸೊತ್ತು ಇರಲಿಲ್ಲ. ಪ್ರತಿ ಸಲವೂ ನಾನು ರಜೆ ಹಾಕಬೇಕು, ಸಾಹೇಬರು ಯಾಕೆ ಎಂದು ಕೇಳಬೇಕು. ಕೊನೆಯ ತಾರೀಖಿಗೆ ಎರಡು ದಿನ ಇರುವಾಗ ಬಂದ. ಮಾಳಿಗೆ ಹತ್ತಿ ಇಳಿದ. ಅಂಗಳದಲ್ಲಿ ಕುಳಿತು ಪಂಚನಾಮೆ ಬರೆದ. ನೆರೆಯ ನಾಲ್ವರು ಸಾಕ್ಷಿ ಹಾಕಿದರು. ಮುದುಕಿಯ ಹೆಬ್ಬೆರಳಿಗೆ ಮಸಿ ಹಚ್ಚಲು ಹೋದಾಗ ಅವಳು ಕೈ ಹಿಂದಕ್ಕೆ ಎಳೆದುಕೊಂಡಳು.

“ಮೊದಲ ಓದಿ ಹೇಳಪ್ಪಾ. ಓದಾಕ ಬರೂ ಈಕಿನ ಸುಳ್ಳಿಗೆ ದಸ್ಕತ್ತು ಹಾಕ್ಯಾಳ. ನಾ ಓದದಾಕಿ, ಹುಷಾರ ಇರಬೇಕು.”

ಗಿರ್ದಾವರ ನಕ್ಕು ಪೂರ್ತಿ ಓದಿ ಹೇಳಿದ. ನಾನು ಒಲೆಯ ಮುಂದೆ ತಿರುಗಿ ಕುಳಿತೆ. ಅವಳು ಹೇಳಿದ್ದು ನಿಜವಾಗಿತ್ತು.

ಪಂಚನಾಮೆ ಆದರೂ ತಹಶೀಲ್ದಾರರ ಸಹಿಗೆ ಇನ್ನೂ ಐದು ದಿನ ಹಿಡಿಯಿತು. ಬಾಡಿಗೆ ಆದಾಯ ಇಲ್ಲ ಎಂಬ ಪ್ರಮಾಣ ಪತ್ರ ಹಿಡಿದು ನಾನು, ನಿಮ್ಮ ತಾಯಿ ರಾಯಚೂರಿನ ಬಸ್ಸು ಹತ್ತಿದೆವು. ಕಾಲೇಜಿನ ಕಿಟಕಿಯ ಹಿಂದೆ ಇದ್ದಾತ ಕಾಗದವನ್ನು ಸರಿಯಾಗಿ ನೋಡಲೂ ಇಲ್ಲ.

“ತಾರೀಖು ಮುಗದು ಮೂರು ದಿನ ಆತು. ರಿಯಾಯಿತಿ ಮುಂದಿನ ವರ್ಷದಿಂದ. ಸೀಟು ಬೇಕಂದ್ರ ಪೂರ್ತಿ ಫೀಸು ಇವತ್ತ ಕಟ್ರಿ.”

“ನಾವು ತಡಾ ಮಾಡಿಲ್ರಿ, ಆಫೀಸಿನವರು ತಪ್ಪು ಬರದು…” ಎಂದು ಶುರು ಮಾಡಿದೆ. ನನ್ನ ಹಿಂದೆ ಸಾಲು ಇತ್ತು. ಆತ ನನ್ನ ಭುಜದ ಮೇಲಿಂದ ಹಿಂದಿನವರನ್ನು ಕರೆದ. ನನ್ನ ಮಾತು ಅಲ್ಲಿಗೇ ನಿಂತಿತು. ಆ ಮಾತನ್ನು ಈ ಹಾಳೆಗಳಲ್ಲಿ ಮುಗಿಸುತ್ತಿದ್ದೇನೆ ಎಂದು ತಿಳಿಯಿರಿ.

ನನ್ನ ಕಿವಿಯ ಬೆಂಡೋಲೆ ಒತ್ತೆಯಿಟ್ಟು ಆ ದಿನವೇ ಫೀಸು ಕಟ್ಟಿದೆವು. ಹಾಸ್ಟೆಲಿಗೆ ಆಗಲಿಲ್ಲ.

ನನ್ನ ನೌಕರಿ ಹೋಗಲಿಲ್ಲ. ಒಂದು ತಿಂಗಳಲ್ಲಿ ಸಿಂಧನೂರಿಗೆ ವರ್ಗವಾಯಿತು. ಆಡಳಿತದ ಹಿತದೃಷ್ಟಿಯಿಂದ ಎಂದು ಆದೇಶದಲ್ಲಿತ್ತು. ಲಿಂಗಸುಗೂರಿನ ಮನೆಯಿಂದ ಬೆಳಗಿನ ಬಸ್ಸು ಹಿಡಿದು, ಮಸ್ಕಿ ದಾಟಿ ಸಿಂಧನೂರು ಮುಟ್ಟಿ, ಸಂಜೆ ಅದೇ ದಾರಿಯಲ್ಲಿ ಬರುವುದು. ನಾಲ್ಕು ವರ್ಷ ಹಾಗೆ ಮಾಡಿದೆ. ಭತ್ತದ ಸುಗ್ಗಿಯಲ್ಲಿ ಗಿರಣಿಗಳ ಮುಂದೆ ಲಾರಿಗಳು ಅಡ್ಡ ನಿಂತು ಬಸ್ಸು ತಡವಾದರೆ ಅರ್ಧ ದಿನದ ರಜೆ ಬೀಳುತ್ತಿತ್ತು. ಸಾಹೇಬರಿಗೆ ಏನಾಯಿತು ಎಂದು ಕೇಳುತ್ತೀರಿ. ಏನೂ ಆಗಲಿಲ್ಲ. ಪಂಚನಾಮೆ ತಹಶೀಲಿನ ಫೈಲಿನಲ್ಲಿ ಉಳಿಯಿತು, ರಸೀದಿಗಳು ಅವರ ಫೈಲಿನಲ್ಲಿ ಉಳಿದವು. ಮರುವರ್ಷ ಬಸ್ ನಿಲ್ದಾಣದಲ್ಲಿ ಸಿಕ್ಕ ಗುಮಾಸ್ತ, “ಈಗ ಸಾಹೇಬ್ರು ಹಾಲು ಹಾಕೂವನ ಮನ್ಯಾಗ ಕಿರಾಯಿಗೆ ಅದಾರ್ರಿ” ಎಂದು ನಗುತ್ತ ಹೇಳಿದ. ನನಗೆ ನಗು ಬರಲಿಲ್ಲ. ಆ ಭಾನುವಾರ ಹಾಲಿನವನ ಮನೆ ಹುಡುಕಿಕೊಂಡು ಹೋಗಿ ಅವನ ಹೆಂಡತಿಗೆ ಹೇಳಿದೆ, ಸಹಿ ಹಾಕಬೇಡಿರಿ, ನಾಳೆ ನಿಮ್ಮ ಮಕ್ಕಳ ಓದಿಗೆ ಅಡ್ಡ ಬರುತ್ತದೆ ಎಂದು.

“ಸಾಹೇಬ್ರಿಗೆ ಒಲ್ಲೆ ಅನ್ನಾಕ ಬರ್ತೈತೇನಕ್ಕಾ?” ಎಂದಳು ಅವಳು.

ಈಗ ನಾನು ನಿಮಗೆ ಹೇಳಬೇಕಾದ ಮಾತಿಗೆ ಬಂದೆ. ಆ ಒಂದು ವರ್ಷ ನಿಮ್ಮ ತಾಯಿ ರಾಯಚೂರಿನಲ್ಲಿ ಎಲ್ಲಿದ್ದಳು ಗೊತ್ತೇ? ನಮ್ಮ ದೂರದ ಸಂಬಂಧಿಕರ ಒಂದು ಖಾನಾವಳಿ ಇತ್ತು. ಅವರು ಇರಲು ಜಾಗ ಕೊಟ್ಟಿದ್ದಾರೆ ಎಂದಷ್ಟೇ ಆಗ ನನಗೆ ಗೊತ್ತಿತ್ತು. ಅಲ್ಲಿ ಉಗ್ರಾಣದ ಮೂಲೆಯಲ್ಲಿ ಮಲಗಿ, ಊಟಕ್ಕೆ ಬದಲಾಗಿ ರೊಟ್ಟಿ ಬಡಿಯುತ್ತಿದ್ದಳು. ಬೆಳಗಾಗುತ್ತಲೇ ಒಲೆಯ ಮುಂದೆ ಕುಳಿತರೆ ಕಾಲೇಜಿನ ಹೊತ್ತಿನವರೆಗೆ. ಉಗುರಲ್ಲಿ ಜೋಳದ ಹಿಟ್ಟು ಇಟ್ಟುಕೊಂಡೇ ತರಗತಿಗೆ ಹೋಗುತ್ತಿದ್ದಳು. ಅವಳ ತರಗತಿಯ ಹುಡುಗರು ಕೆಲವರು ಅಲ್ಲಿಗೇ ಊಟಕ್ಕೆ ಬರುತ್ತಿದ್ದರು. ಅವರು ಬಂದಾಗ ಸೆರಗು ಮುಂದಕ್ಕೆ ಎಳೆದುಕೊಂಡು ಗೋಡೆಯ ಕಡೆ ತಿರುಗುತ್ತಿದ್ದಳಂತೆ. ರಜೆಗೆ ಮನೆಗೆ ಬಂದಾಗ ಅಂಗೈ ನೋಡಿ ಕೇಳಿದೆ. “ಪ್ರ್ಯಾಕ್ಟಿಕಲ್ ಯವ್ವಾ, ಹೊಲದಾಗ ಕೆಲಸ ಮಾಡಸ್ತಾರ” ಎಂದಳು. ನಾನು ನಂಬಿದೆ. ನಿಜ ನನಗೆ ತಿಳಿದದ್ದು ಅವಳ ಮದುವೆಯ ಮನೆಯಲ್ಲಿ, ಆ ಖಾನಾವಳಿಯ ಹೆಂಗಸು ಹೊಗಳುವ ಭರದಲ್ಲಿ ಹೇಳಿದಾಗ.

ಎರಡನೆಯ ವರ್ಷ ರಿಯಾಯಿತಿ ಸಿಕ್ಕಿತು, ಹಾಸ್ಟೆಲಿಗೆ ಹೋದಳು, ಪದವಿ ಮುಗಿಸಿದಳು, ಕೃಷಿ ಇಲಾಖೆಯಲ್ಲಿ ನೌಕರಿ ಹಿಡಿದಳು. ಎಲ್ಲರೂ ಅದನ್ನೇ ಹೇಳುತ್ತಾರೆ, ಕೊನೆಗೆ ಒಳ್ಳೆಯದೇ ಆಯಿತಲ್ಲ ಎಂದು. ನಾನು ಹಾಗೆ ಹೇಳುವುದಿಲ್ಲ. ಹದಿನೆಂಟು ವರ್ಷದ ಹುಡುಗಿಯ ಒಂದು ವರ್ಷವನ್ನು ಒಬ್ಬರು ತಮ್ಮ ತೆರಿಗೆಯಲ್ಲಿ ಉಳಿಸಿಕೊಂಡರು. ನಾನು ಸಹಿ ಹಾಕಿಕೊಟ್ಟೆ. ಬಡವರಿಗೆ ಕೊಡುವಾಗ ಹತ್ತು ಕಾಗದ ಕೇಳುವ ಸರಕಾರ, ಇದ್ದವರಿಗೆ ಬಿಡುವಾಗ ಸ್ಟಾಂಪು ಅಂಟಿಸಿದ ಒಂದು ಚೀಟಿಯನ್ನು ನಂಬಿತು.

ನಿಮ್ಮ ತಾಯಿ ಮನೆಯಲ್ಲಿ ರೊಟ್ಟಿ ಬಡಿಯುವುದಿಲ್ಲ, ಅಂಗಡಿಯಿಂದ ತರಿಸುತ್ತಾಳೆ, ಆಲಸಿ ಎಂದು ನೀವು ಅವಳನ್ನು ಚೇಷ್ಟೆ ಮಾಡುತ್ತೀರಿ. ಅವಳೂ ನಗುತ್ತಾಳೆ. ಇನ್ನು ಮೇಲೆ ಆ ಚೇಷ್ಟೆ ಮಾಡಬೇಡಿ. ಕಾರಣ ಗೊತ್ತಾಯಿತು ಎಂದು ಅವಳಿಗೆ ಹೇಳಲೂ ಬೇಡಿ, ಅವಳಿಗೆ ಅದು ಸೇರುವುದಿಲ್ಲ.

ಈ ಹಾಳೆಗಳನ್ನು ಅವಳ ಕಣ್ಣಿಗೆ ಬೀಳದ ಹಾಗೆ, ನಿಮ್ಮ ಅಂಕಪಟ್ಟಿಗಳನ್ನು ಇಡುವ ಕಡೆ ಇಡಿ. ಇಲಿ, ಗೆದ್ದಲು ಮುಟ್ಟದಂತೆ ನೋಡಿಕೊಳ್ಳಿ. ಇದಕ್ಕೆ ಇನ್ನೊಂದು ಪ್ರತಿ ಇಲ್ಲ.

ನಿಮ್ಮ ಅಜ್ಜಿ